ಪುರಸಭೆ ಇಲ್ಲದ ಊರು ಎಲ್ಲಿದೆ? ಜನಗಣತಿ, ನಕ್ಷೆ ಮತ್ತು ಒಂದು ಹಳೆಯ ಚೀಟಿ

ಜೀವವಿಜ್ಞಾನದ ಬಗ್ಗೆ ಮಾತಾಡುವ ನಾವು ಇವತ್ತು ಜನಗಣತಿಯ ವಿಷಯ ತೆಗೆದುಕೊಂಡಿದ್ದೇವೆ. ಇದೇನಿದು, ದಾರಿ ತಪ್ಪಿದರಾ ಅಂತ ಅನ್ನಿಸಬಹುದು. ಸ್ವಲ್ಪ ತಾಳ್ಮೆ ಇರಲಿ. ಒಂದು ಇಲಿಯ ಚರ್ಮಕ್ಕೆ ಕಟ್ಟಿದ ಚೀಟಿಯಿಂದ ಹಿಡಿದು ಮಕ್ಕಳು ಕುಡಿಯುವ ನೀರಿನ ತನಕ, ‘ಈ ಊರು ನಿಜವಾಗಿ ಎಲ್ಲಿದೆ’ ಅನ್ನೋ ಪ್ರಶ್ನೆ ನಮ್ಮ ಕೆಲಸದಲ್ಲಿ ಎಷ್ಟು ಸಲ ಎದುರಾಗುತ್ತೆ ಅಂತ ಹೇಳೋದಕ್ಕೇ ಈ ಕಂತು.

ಎರಡು ಊರುಗಳಿಂದ ಶುರು ಮಾಡೋಣ. ಮೊದಲನೆಯದು ಅಮೆರಿಕದ ನೆಬ್ರಾಸ್ಕಾ ರಾಜ್ಯದ ಬಾಯ್ಡ್ ಕೌಂಟಿಯಲ್ಲಿರುವ ಮೊನೊವೈ. 2010ರ ಜನಗಣತಿಯಲ್ಲಿ ಅಲ್ಲಿನ ಜನಸಂಖ್ಯೆ 1. ಹೌದು, ಒಬ್ಬರೇ ಅಜ್ಜಿ. ಅವರೇ ಮೇಯರ್, ಅವರೇ ಗುಮಾಸ್ತೆ, ಅವರೇ ಖಜಾಂಚಿ, ಊರಿನ ಪುಟ್ಟ ಗ್ರಂಥಾಲಯ ನೋಡಿಕೊಳ್ಳುವವರೂ ಅವರೇ. ಎರಡನೆಯದು ನೆವಾಡ ರಾಜ್ಯದ ಪ್ಯಾರಡೈಸ್. 2020ರ ಗಣತಿಯಲ್ಲಿ ಅಲ್ಲಿ 1,91,238 ಜನ. ಹೆಸರು ಕೇಳಿಲ್ಲವಾ? ನಿಮ್ಮಲ್ಲಿ ಎಷ್ಟೋ ಮಂದಿ ಅಲ್ಲಿಗೆ ಹೋಗಿ ಬಂದಿದ್ದೀರಿ. ಲಾಸ್ ವೇಗಸ್ ಅಂದ ತಕ್ಷಣ ಕಣ್ಣಿಗೆ ಬರುವ ಆ ಝಗಮಗ ಬೀದಿ, ‘ಸ್ಟ್ರಿಪ್’, ಅದರ ಬಹುಪಾಲು ಲಾಸ್ ವೇಗಸ್ ನಗರದೊಳಗೆ ಇಲ್ಲ, ಪ್ಯಾರಡೈಸ್‌ನಲ್ಲಿದೆ. ವಿಮಾನ ನಿಲ್ದಾಣವೂ ಅಲ್ಲೇ, ವಿಶ್ವವಿದ್ಯಾಲಯವೂ ಅಲ್ಲೇ.

ಈಗ ಹೇಳಿ, ಕಾನೂನಿನ ಲೆಕ್ಕದಲ್ಲಿ ಇವೆರಡರಲ್ಲಿ ಪುರಸಭೆ ಇರುವ ಊರು ಯಾವುದು? ಒಬ್ಬರೇ ಇರುವ ಮೊನೊವೈ! ಹತ್ತಿರ ಹತ್ತಿರ ಎರಡು ಲಕ್ಷ ಜನರಿರುವ ಪ್ಯಾರಡೈಸ್‌ಗೆ ಮೇಯರೂ ಇಲ್ಲ, ನಗರಸಭೆಯೂ ಇಲ್ಲ. ಅದನ್ನು ನೋಡಿಕೊಳ್ಳುವುದು ಕ್ಲಾರ್ಕ್ ಕೌಂಟಿ. 1950ರಲ್ಲಿ ಕ್ಯಾಸಿನೋ ಮಾಲೀಕರೇ ಬೆನ್ನು ಹತ್ತಿ ಈ ವ್ಯವಸ್ಥೆ ಮಾಡಿಸಿಕೊಂಡರು. ಲಾಸ್ ವೇಗಸ್ ನಗರ ತಮ್ಮನ್ನು ಸೇರಿಸಿಕೊಂಡು ತೆರಿಗೆ ಹಾಕಬಾರದು ಅನ್ನೋದೇ ಅದರ ಹಿಂದಿನ ಲೆಕ್ಕಾಚಾರ.

ಇಲ್ಲಿ ಮೊದಲ ಪಾಠ. ಅಮೆರಿಕದಲ್ಲಿ ‘ಇನ್‌ಕಾರ್ಪೊರೇಟೆಡ್’ ಅಂದರೆ ರಾಜ್ಯದ ಕಾನೂನಿನ ಪ್ರಕಾರ ಸನದು ಪಡೆದ ಊರು: ಸಿಟಿ, ಟೌನ್, ವಿಲೇಜ್, ಬರೋ ಹೀಗೆ. ಅದಕ್ಕೆ ಗಡಿ ಇದೆ, ಚುನಾಯಿತ ಆಡಳಿತ ಇದೆ. ‘ಅನ್‌ಇನ್‌ಕಾರ್ಪೊರೇಟೆಡ್’ ಅಂದರೆ ಜನ ಇದ್ದಾರೆ, ಮನೆಗಳಿವೆ, ಹೆಸರೂ ಇದೆ, ಆದರೆ ಊರಿಗೆ ತನ್ನದೇ ಆದ ಆಡಳಿತ ಇಲ್ಲ, ಕಾನೂನು ಎಳೆದ ಗಡಿ ಇಲ್ಲ. ಇದು ಎಲ್ಲೋ ಮೂಲೆಯ ವಿಷಯ ಅಂದುಕೊಳ್ಳಬೇಡಿ. ಅಮೆರಿಕದ ಜನರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಇಂಥ ಸನದು ಪಡೆದ ಊರುಗಳ ಹೊರಗೇ ವಾಸಿಸುತ್ತಾರೆ. ಕನ್ನಡಿಗರು ಗಣನೀಯ ಸಂಖ್ಯೆಯಲ್ಲಿರುವ ವರ್ಜೀನಿಯಾದ ಆಶ್‌ಬರ್ನ್ ಒಂದು ನಗರ ಅಲ್ಲ. ಇಡ್ಲಿ ಹಿಟ್ಟು, ಕರಿಬೇವು ತರಲು ಹೋಗುವ ನ್ಯೂಜೆರ್ಸಿಯ ಐಸ್ಲಿನ್ ಕೂಡ ಅಲ್ಲ. ಅದು ವುಡ್‌ಬ್ರಿಜ್ ಟೌನ್‌ಶಿಪ್‌ನೊಳಗಿನ ಒಂದು ಹೆಸರು ಮಾತ್ರ. ನಮ್ಮಂಥ ಜೀವವಿಜ್ಞಾನಿಗಳ ಪಾಲಿಗೆ ತವರುಮನೆ ಇದ್ದ ಹಾಗೆ ಇರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಂದ್ರೆ ಎನ್‌ಐಎಚ್, ಇರೋದು ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ. ಸಾವಿರಾರು ಸಂಶೋಧನಾ ಲೇಖನಗಳ ತಲೆಯ ಮೇಲೆ ಆ ಹೆಸರು ಅಚ್ಚಾಗಿದೆ. ಅದಕ್ಕೂ ನಗರಸಭೆ ಇಲ್ಲ. ಹವಾಯಿ ರಾಜ್ಯದಲ್ಲಂತೂ ಸನದು ಪಡೆದ ಊರು ಒಂದೂ ಇಲ್ಲ, ಹೊನೊಲುಲು ಸೇರಿದಂತೆ.

ಹಾಗಾದರೆ ಗಡಿಯೇ ಇಲ್ಲದ ಊರಿನ ಜನರನ್ನು ಎಣಿಸೋದು ಹೇಗೆ? ಎಲ್ಲಿಂದ ಎಲ್ಲಿಯ ತನಕ ಎಣಿಸಬೇಕು?

ಅಮೆರಿಕದಲ್ಲಿ 1790ರಿಂದ ಹತ್ತು ವರ್ಷಕ್ಕೊಮ್ಮೆ ಜನಗಣತಿ ನಡೀತಾ ಬಂದಿದೆ. ಪುರಸಭೆ ಇಲ್ಲದ ಊರುಗಳಿಗೆ ಗಣತಿಯವರೇ ಗಡಿ ಎಳೆದು ಪ್ರತ್ಯೇಕವಾಗಿ ಲೆಕ್ಕ ಕೊಡಲು ಶುರು ಮಾಡಿದ್ದು 1950ರಲ್ಲಿ. ಆಗ ಅವುಗಳನ್ನು ‘ಅನ್‌ಇನ್‌ಕಾರ್ಪೊರೇಟೆಡ್ ಪ್ಲೇಸ್’ ಅಂತಲೇ ಕರೆದರು. 1980ರಲ್ಲಿ ಅದಕ್ಕೆ ‘ಸೆನ್ಸಸ್ ಡೆಸಿಗ್ನೇಟೆಡ್ ಪ್ಲೇಸ್’ ಅನ್ನೋ ಹೊಸ ಹೆಸರು ಬಂತು. ಚಿಕ್ಕದಾಗಿ ಸಿಡಿಪಿ. ಕನ್ನಡದಲ್ಲಿ ‘ಗಣತಿಗಾಗಿ ಗುರುತಿಸಿದ ಊರು’ ಅನ್ನಬಹುದು. ಮೊದಲು ಇಷ್ಟು ಜನ ಇದ್ದರೆ ಮಾತ್ರ ಅನ್ನೋ ಮಿತಿ ಇತ್ತು. 2000ದ ಗಣತಿಯಿಂದ ಆ ಮಿತಿ ತೆಗೆದುಹಾಕಿದರು. ಗಡಿಯನ್ನು ಸ್ಥಳೀಯ ಅಧಿಕಾರಿಗಳ ಜೊತೆ ಕೂತು ಗಣತಿ ಇಲಾಖೆ ಎಳೆಯುತ್ತದೆ: ಈ ರಸ್ತೆ, ಆ ಹಳ್ಳ, ಅಲ್ಲಿರುವ ರೈಲು ಹಳಿ, ಹೀಗೆ ಕಣ್ಣಿಗೆ ಕಾಣುವ ಗುರುತುಗಳನ್ನು ಹಿಡಿದು.

ಗಮನಿಸಬೇಕಾದ್ದು, ಈ ಗೆರೆಗೆ ಕಾನೂನಿನ ಬಲ ಇಲ್ಲ. ಲೆಕ್ಕಕ್ಕಾಗಿ ಎಳೆದ ಗೆರೆ ಅಷ್ಟೇ. ಒಂದು ಗಣತಿಯಿಂದ ಇನ್ನೊಂದಕ್ಕೆ ಅದು ಬದಲಾಗಬಹುದು. ಆದ್ದರಿಂದ ಒಂದು ಸಿಡಿಪಿಯ ಜನಸಂಖ್ಯೆ ಹತ್ತು ವರ್ಷದಲ್ಲಿ ಇಳಿಯಿತು ಅಂತ ಕಂಡರೆ, ಜನ ಊರು ಬಿಟ್ಟು ಹೋದರಾ ಅಥವಾ ಗೆರೆಯೇ ಜರುಗಿತಾ ಅಂತ ಮೊದಲು ನೋಡಬೇಕು. ಎಷ್ಟೋ ವಿದ್ಯಾರ್ಥಿಗಳು ಇದನ್ನು ನೋಡದೆ ಎರಡು ಅಂಕಿ ಪಕ್ಕಪಕ್ಕ ಇಟ್ಟು ಗ್ರಾಫ್ ಎಳೆದುಬಿಡ್ತಾರೆ. ನಮಗೆ ಅದನ್ನು ಕಂಡಾಗಲೆಲ್ಲ ಕೈ ಕೈ ಹಿಸುಕಿಕೊಳ್ಳೋ ಹಾಗಾಗುತ್ತೆ.

ಇನ್ನು ಗುರುತಿನ ಸಂಖ್ಯೆಗಳು. ಹೆಸರನ್ನು ನಂಬಿ ಕೂತರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಮಿಡ್‌ವೇ, ಫೇರ್‌ವ್ಯೂ, ಓಕ್ ಗ್ರೋವ್ ಇಂಥ ಹೆಸರುಗಳು ಅಮೆರಿಕದ ಉದ್ದಗಲಕ್ಕೂ ಇವೆ. ಒಂದೇ ರಾಜ್ಯದಲ್ಲೇ ಹಲವು. ನಮ್ಮಲ್ಲಿ ರಾಂಪುರ, ಹೊಸಹಳ್ಳಿ ಇರೋ ಹಾಗೆ. ಅದಕ್ಕೇ ಪ್ರತಿ ಜಾಗಕ್ಕೂ ಒಂದು ಸಂಕೇತ. ರಾಜ್ಯಕ್ಕೆ ಎರಡು ಅಂಕಿ, ಕೌಂಟಿಗೆ ಮೂರು ಅಂಕಿ, ಊರಿಗೆ ಐದು ಅಂಕಿ. ನೆವಾಡ 32. ಕ್ಲಾರ್ಕ್ ಕೌಂಟಿ 003. ಲಾಸ್ ವೇಗಸ್ 40000, ಪ್ಯಾರಡೈಸ್ 54600. ಊರಿನ ಸಂಕೇತಗಳನ್ನು ರಾಜ್ಯದೊಳಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಹಂಚಿದ್ದಾರೆ, ಹಾಗಾಗಿ ‘ಎಲ್’ ಮೊದಲು, ‘ಪಿ’ ಆಮೇಲೆ. ಕೌಂಟಿಯ ಅಂಕಿ ಊರಿನ ಸಂಕೇತದಲ್ಲಿ ಸೇರುವುದಿಲ್ಲ, ಯಾಕಂದ್ರೆ ಒಂದು ಊರು ಎರಡು ಕೌಂಟಿಗಳಲ್ಲಿ ಹರಡಿಕೊಂಡಿರಬಹುದು. ರಾಜ್ಯದ ಗಡಿ ಮಾತ್ರ ದಾಟುವುದಿಲ್ಲ.

ಇದರ ಜೊತೆಗೆ ಇನ್ನೊಂದು ದೊಡ್ಡ ಕಡತ ಇದೆ: ಭೌಗೋಳಿಕ ಹೆಸರುಗಳ ಮಾಹಿತಿ ವ್ಯವಸ್ಥೆ, ಜಿಎನ್‌ಐಎಸ್. ಇದನ್ನು ನೋಡಿಕೊಳ್ಳುವುದು ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಇಲಾಖೆ ಮತ್ತು ಭೌಗೋಳಿಕ ಹೆಸರುಗಳ ಮಂಡಳಿ. ಮಂಡಳಿ ಹುಟ್ಟಿದ್ದು 1890ರಲ್ಲಿ, ಒಂದೇ ಬೆಟ್ಟಕ್ಕೆ ಒಬ್ಬೊಬ್ಬ ನಕ್ಷೆಗಾರ ಒಂದೊಂದು ಹೆಸರು ಬರೆಯುತ್ತಿದ್ದ ಕಾಲದಲ್ಲಿ. ಈ ಕಡತದಲ್ಲಿ ಹೊಳೆ, ಬೆಟ್ಟ, ಕಣಿವೆ, ಜನವಸತಿ ಎಲ್ಲಕ್ಕೂ ಒಂದೊಂದು ಸಂಖ್ಯೆ, ಒಂದೊಂದು ಅಕ್ಷಾಂಶ ರೇಖಾಂಶ. ಗಣತಿಯ ಕಡತ ಒಂದು ಊರನ್ನು ಪ್ರದೇಶವಾಗಿ ನೋಡುತ್ತದೆ, ಈ ಕಡತ ಅದನ್ನು ಒಂದು ಚುಕ್ಕೆಯಾಗಿ ನೋಡುತ್ತದೆ. ಗಣತಿಯಲ್ಲಿ ಸಿಗದ ಊರು ಇಲ್ಲಿ ಸಿಗುತ್ತದೆ. ಜನ ಎಲ್ಲ ಬಿಟ್ಟು ಹೋದ ಊರಾದರೂ ಹೆಸರಿನ ಮುಂದೆ ‘ಹಿಸ್ಟಾರಿಕಲ್’ ಅಂತ ಸೇರಿಸಿ ಉಳಿಸಿಕೊಳ್ಳುತ್ತಾರೆ. ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ‘ಬೇಚಿರಾಕ್ ಗ್ರಾಮ’ ಅಂತ ಇರುತ್ತಲ್ಲ, ದೀಪ ಹಚ್ಚುವವರಿಲ್ಲದ ಊರು, ಹಾಗೆ.

ಸರಿ, ಇಲಿಯ ಚೀಟಿಗೆ ಬರೋಣ.

ಪ್ರಾಣಿ ಸಂಗ್ರಹಾಲಯಗಳಲ್ಲಿ ನೂರು ವರ್ಷ ಹಳೆಯ ಇಲಿ, ಅಳಿಲು, ಹಕ್ಕಿಗಳ ಚರ್ಮ, ಒಣಗಿಸಿದ ಕೀಟಗಳು, ಗಿಡಗಳು ಲಕ್ಷಾಂತರ ಇವೆ. ಪ್ರತಿಯೊಂದರ ಜೊತೆ ಒಂದು ಪುಟ್ಟ ಚೀಟಿ. ಯಾವ ದಿನ, ಯಾರು ಹಿಡಿದದ್ದು, ಎಲ್ಲಿ. ಚೀಟಿ ಇಲ್ಲದಿದ್ದರೆ ಆ ಮಾದರಿಗೆ ವೈಜ್ಞಾನಿಕ ಬೆಲೆ ಹೆಚ್ಚುಕಡಿಮೆ ಹೋದ ಹಾಗೇ. ಆಗ ಜಿಪಿಎಸ್ ಎಲ್ಲಿತ್ತು? ಸಂಗ್ರಹಿಸಿದವರು ಬರೆಯುತ್ತಿದ್ದದ್ದು ಹೀಗೆ: ‘ಮಿಡ್‌ವೇಯಿಂದ ಉತ್ತರಕ್ಕೆ 2 ಮೈಲಿ, ಜೂನ್ 1931’. ಇದು ನಾವು ಉದಾಹರಣೆಗೆ ಕಟ್ಟಿದ ಚೀಟಿ, ಆದರೆ ನಿಜವಾದವು ಇದಕ್ಕಿಂತ ಚೆನ್ನಾಗೇನೂ ಇರೋದಿಲ್ಲ. ಆ ಮಿಡ್‌ವೇಯಲ್ಲಿ ಒಂದು ಅಂಗಡಿ, ಒಂದು ಅಂಚೆ ಕಚೇರಿ, ನಾಲ್ಕು ಮನೆ ಇದ್ದಿರಬಹುದು. ಈಗ ಅದೂ ಇಲ್ಲ.

ಈ ಚೀಟಿಯನ್ನು ನಕ್ಷೆಯ ಮೇಲೆ ಕೂರಿಸುವುದಕ್ಕೆ ‘ಜಿಯೋರೆಫರೆನ್ಸಿಂಗ್’ ಅಂತಾರೆ. ಮೊದಲ ಹೆಜ್ಜೆ, ಯಾವ ಮಿಡ್‌ವೇ? ಚೀಟಿಯಲ್ಲಿ ಕೌಂಟಿಯ ಹೆಸರಿದ್ದರೆ ಬಚಾವ್. ಇಲ್ಲದಿದ್ದರೆ ಅದೇ ವ್ಯಕ್ತಿ ಅದರ ಹಿಂದಿನ ದಿನ, ಮುಂದಿನ ದಿನ ಎಲ್ಲಿ ಹಿಡಿದಿದ್ದಾನೆ ಅಂತ ನೋಡಿ ಅವನ ದಾರಿಯನ್ನು ಜೋಡಿಸಬೇಕು. 1931ರಲ್ಲಿ ಒಂದೇ ದಿನದಲ್ಲಿ ಮುನ್ನೂರು ಮೈಲಿ ಹೋಗಿ ಇಲಿ ಹಿಡಿಯೋದು ಸುಲಭ ಅಲ್ಲವಲ್ಲ.

ಎರಡನೆಯ ಹೆಜ್ಜೆ, ‘ಮಿಡ್‌ವೇಯಿಂದ’ ಅಂದರೆ ಎಲ್ಲಿಂದ? ಅಂಚೆ ಕಚೇರಿಯಿಂದಲೋ, ಊರಿನ ಅಂಚಿನಿಂದಲೋ? ಮೂರನೆಯದು, ‘2 ಮೈಲಿ’ ಅಂದರೆ ಸರಿಯಾಗಿ ಎರಡೋ, ಒಂದೂವರೆಯನ್ನು ಎರಡು ಅಂತ ಬರೆದದ್ದೋ? ನಾಲ್ಕನೆಯದು, ‘ಉತ್ತರ’ ಅಂದರೆ ದಿಕ್ಸೂಚಿ ಹಿಡಿದು ನೋಡಿದ ಉತ್ತರವೋ, ಸುಮಾರಾಗಿ ಉತ್ತರವೋ? ನಾಲ್ಕೇ ದಿಕ್ಕು ಬಳಸುವ ಮನುಷ್ಯನಾಗಿದ್ದರೆ ವಾಯವ್ಯದಿಂದ ಈಶಾನ್ಯದವರೆಗೆ ಎಲ್ಲವೂ ಅವನಿಗೆ ಉತ್ತರವೇ.

2004ರಲ್ಲಿ ವಿಯೆಝೊರೆಕ್, ಗುವೋ ಮತ್ತು ಹೈಮನ್ಸ್ ಎಂಬ ಮೂವರು ಈ ಎಲ್ಲ ಅನುಮಾನಗಳನ್ನೂ ಒಟ್ಟಿಗೆ ಸೇರಿಸುವ ಒಂದು ಚಂದದ ದಾರಿ ಹೇಳಿಕೊಟ್ಟರು. ಒಂದು ಬಿಂದು ಮತ್ತು ಅದರ ಸುತ್ತ ಒಂದು ವೃತ್ತ. ‘ನಿಜವಾದ ಜಾಗ ಈ ವೃತ್ತದೊಳಗೆ ಎಲ್ಲೋ ಇದೆ’ ಅಂತ ಹೇಳುವುದು. ನಮ್ಮ ಚೀಟಿಗೆ ಲೆಕ್ಕ ಹಾಕೋಣ. ಊರಿನ ಹರವು ಅರ್ಧ ಮೈಲಿ ಅಂತ ಇಟ್ಟುಕೊಳ್ಳಿ. ದೂರದ ಅನುಮಾನ ಒಂದು ಮೈಲಿ. ಎರಡನ್ನೂ ಎರಡು ಮೈಲಿಗೆ ಕೂಡಿಸಿದರೆ ಅತಿ ದೂರದ ಸಾಧ್ಯತೆ ಮೂರೂವರೆ ಮೈಲಿ. ದಿಕ್ಕಿನ ಅನುಮಾನ ಎರಡೂ ಬದಿಗೆ 45 ಡಿಗ್ರಿ. ಆ ಓರೆಯಲ್ಲಿ ಮೂರೂವರೆ ಮೈಲಿ ಹೋದರೆ ಉತ್ತರಕ್ಕೆ ಸುಮಾರು ಎರಡೂವರೆ, ಪಕ್ಕಕ್ಕೆ ಸುಮಾರು ಎರಡೂವರೆ ಮೈಲಿ ಸಾಗಿರುತ್ತೇವೆ. ನಾವು ಬಿಂದು ಇಟ್ಟದ್ದು ನೇರ ಉತ್ತರಕ್ಕೆ 2 ಮೈಲಿಯಲ್ಲಿ. ಅಲ್ಲಿಂದ ಇಲ್ಲಿಗೆ ಸುಮಾರು ಎರಡೂವರೆ ಮೈಲಿ, ಅಂದರೆ 4 ಕಿಲೋಮೀಟರ್. ಒಂದು ಸಾಲಿನ ಚೀಟಿ, ನಾಲ್ಕು ಕಿಲೋಮೀಟರ್ ತ್ರಿಜ್ಯದ ವೃತ್ತ! ಬಯಲುಸೀಮೆಯಲ್ಲಾದರೆ ಪರವಾಗಿಲ್ಲ. ಬೆಟ್ಟದ ಸೀಮೆಯಲ್ಲಿ ನಾಲ್ಕು ಕಿಲೋಮೀಟರಿನಲ್ಲಿ ಹಲವು ನೂರು ಮೀಟರ್ ಏರಿಬಿಡಬಹುದು.

ಇದು ಯಾಕೆ ಮುಖ್ಯ? ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೋಸೆಫ್ ಗ್ರಿನ್ನೆಲ್ ಎಂಬ ಪ್ರಾಣಿಶಾಸ್ತ್ರಜ್ಞರಿದ್ದರು. 20ನೇ ಶತಮಾನದ ಮೊದಲ ದಶಕಗಳಲ್ಲಿ ಅವರೂ ಅವರ ಸಂಗಡಿಗರೂ ಯೊಸೆಮಿಟಿ ಬೆಟ್ಟಸಾಲಿನ ಉದ್ದಕ್ಕೂ ಚಿಕ್ಕ ಪ್ರಾಣಿಗಳನ್ನು ಸಂಗ್ರಹಿಸಿದರು. ಬರೀ ಸಂಗ್ರಹಿಸಲಿಲ್ಲ, ಪುಟಗಟ್ಟಲೆ ಟಿಪ್ಪಣಿ ಬರೆದರು. ಬಿಡಾರ ಎಲ್ಲಿ, ಬೋನು ಇಟ್ಟದ್ದು ಎಲ್ಲಿ, ಎಷ್ಟು ಎತ್ತರ. ಸುಮಾರು ನೂರು ವರ್ಷದ ನಂತರ ಅದೇ ಜಾಗಗಳಿಗೆ ಹೋಗಿ ಮತ್ತೆ ಬೋನು ಇಟ್ಟವರ ಫಲಿತಾಂಶ 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ನೋಡಿದ 28 ಜಾತಿಗಳಲ್ಲಿ ಅರ್ಧದಷ್ಟು ಮೇಲಕ್ಕೆ ಸರಿದಿದ್ದವು, ಸರಾಸರಿ ಸುಮಾರು 500 ಮೀಟರ್. ಹವಾಮಾನ ಬಿಸಿಯಾದ ಹಾಗೆ ಪ್ರಾಣಿಗಳು ಬೆಟ್ಟ ಹತ್ತುತ್ತಿವೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ವಿರಳ. ಈಗ ನಮ್ಮ ಮಿಡ್‌ವೇ ಚೀಟಿಯನ್ನು ನೆನೆಯಿರಿ. ಎತ್ತರದಲ್ಲಿ ಐನೂರು ಮೀಟರ್ ಅನುಮಾನ ಇರುವ ಚೀಟಿಯಿಂದ ಐನೂರು ಮೀಟರ್ ಬದಲಾವಣೆಯನ್ನು ಕಂಡುಹಿಡಿಯೋದು ಸಾಧ್ಯವೇ ಇಲ್ಲ. ಗ್ರಿನ್ನೆಲ್ ಟಿಪ್ಪಣಿ ಬರೆಯದೆ ಊರಿನ ಹೆಸರು ಮಾತ್ರ ಬರೆದಿದ್ದರೆ ಆ ಅಧ್ಯಯನವೇ ಆಗುತ್ತಿರಲಿಲ್ಲ.

ಚೀಟಿಯಲ್ಲಿ ಕೆಲವೊಮ್ಮೆ ಊರಿನ ಹೆಸರೂ ಇರೋದಿಲ್ಲ, ‘ಇಂಥವರ ತೋಟ’ ಅಂತ ಮಾತ್ರ ಇರುತ್ತೆ. ಆಗ ಹಳೆಯ ಗಣತಿಯ ಹಾಳೆಗಳೇ ಗತಿ. ಅಮೆರಿಕದಲ್ಲಿ ಒಬ್ಬೊಬ್ಬರ ಹೆಸರಿರುವ ಹಾಳೆಗಳನ್ನು 72 ವರ್ಷ ಮುಚ್ಚಿಟ್ಟು ಆಮೇಲೆ ಬಿಡುಗಡೆ ಮಾಡ್ತಾರೆ. 1950ರ ಹಾಳೆಗಳು ಹೊರಬಂದದ್ದು 2022ರ ಏಪ್ರಿಲ್ 1ರಂದು. ಹಾಳೆಯ ತಲೆಯಲ್ಲಿ ರಾಜ್ಯ, ಕೌಂಟಿ, ಟೌನ್‌ಶಿಪ್ ಇರುತ್ತೆ. 1930 ಮತ್ತು 1940ರ ಹಾಳೆಗಳಲ್ಲಂತೂ ‘ಅನ್‌ಇನ್‌ಕಾರ್ಪೊರೇಟೆಡ್ ಪ್ಲೇಸ್’ ಅಂತಲೇ ಒಂದು ಖಾಲಿ ಜಾಗ ಇದೆ, ಗಣತಿದಾರ ಅಲ್ಲಿ ಊರಿನ ಹೆಸರು ತುಂಬಬೇಕು. ಒಬ್ಬ ಗಣತಿದಾರ ಸುತ್ತಿದ ಪ್ರದೇಶಕ್ಕೆ ‘ಎನ್ಯೂಮರೇಶನ್ ಡಿಸ್ಟ್ರಿಕ್ಟ್’ ಅಂತ ಒಂದು ಸಂಖ್ಯೆ; ಅವುಗಳ ನಕ್ಷೆಗಳು ಅಲ್ಲಿನ ರಾಷ್ಟ್ರೀಯ ದಾಖಲೆಗಾರದಲ್ಲಿ ಸಿಗುತ್ತವೆ. ಹಳ್ಳಿಗಾಡಿನಲ್ಲಿ ಗಣತಿದಾರ ರಸ್ತೆ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿದ್ದುದರಿಂದ, ಹಾಳೆಯಲ್ಲಿ ಹಿಂದೆಮುಂದೆ ಇರುವ ಹೆಸರುಗಳು ಬಹುಮಟ್ಟಿಗೆ ಅಕ್ಕಪಕ್ಕದ ಮನೆಗಳೇ. ಅವರಲ್ಲಿ ಒಬ್ಬರ ಜಮೀನು ಭೂದಾಖಲೆಯಲ್ಲಿ ಸಿಕ್ಕಿದರೆ ನಮ್ಮ ತೋಟವೂ ಸಿಕ್ಕ ಹಾಗೇ. 1890ರ ಹಾಳೆಗಳು ಮಾತ್ರ ಕೇಳಬೇಡಿ, 1921ರ ಬೆಂಕಿ ಅನಾಹುತದಲ್ಲಿ ಬಹುಪಾಲು ಹಾಳಾದವು.

ಈ ಹಾಳೆಗಳನ್ನು ತಿರುವುವಾಗ ನಮ್ಮವರ ನೆರಳೂ ಕಾಣುತ್ತೆ. 1920ರಿಂದ 1940ರ ತನಕದ ಗಣತಿಗಳಲ್ಲಿ ‘ಹಿಂದೂ’ ಅನ್ನೋದು ಒಂದು ಜನಾಂಗದ ಹೆಸರು. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡುತ್ತಿದ್ದ ಪಂಜಾಬಿಗಳು, ಅವರಲ್ಲಿ ಹೆಚ್ಚಿನವರು ಸಿಖ್ಖರು, ಎಲ್ಲರನ್ನೂ ಆ ಪದದ ಅಡಿಯಲ್ಲೇ ಬರೆದರು. ದಾಖಲೆ ಏನು ಹೇಳುತ್ತೆ ಅನ್ನೋದರ ಜೊತೆಗೆ, ದಾಖಲೆಯ ಕಲಮುಗಳನ್ನು ಯಾರು ಮಾಡಿದರು ಅಂತಲೂ ಕೇಳಬೇಕಾಗುತ್ತೆ.

ಇನ್ನೊಂದು ಮೋಜಿನ ಸಂಗತಿ, ಪಕ್ಕಕ್ಕೆ ಹೇಳಿಬಿಡ್ತೀವಿ. ನ್ಯೂಯಾರ್ಕ್ ರಾಜ್ಯದಲ್ಲಿ ಅಗ್ಲೋ ಅಂತ ಒಂದು ಊರು 1930ರ ದಶಕದ ನಕ್ಷೆಯಲ್ಲಿ ಕಾಣಿಸಿಕೊಂಡಿತು. ನಕ್ಷೆ ಮಾಡಿದವರು ಕಳ್ಳರನ್ನು ಹಿಡಿಯಲು ತಮ್ಮ ಹೆಸರಿನ ಮೊದಲಕ್ಷರಗಳನ್ನು ಕಲಸಿ ಕಟ್ಟಿದ ಸುಳ್ಳು ಊರು ಅದು. ಆದರೆ ಯಾರೋ ಆ ನಕ್ಷೆ ನೋಡಿ, ಅದೇ ಜಾಗದಲ್ಲಿ ಅದೇ ಹೆಸರಿನ ಅಂಗಡಿ ತೆರೆದರು. ಇನ್ನೊಂದು ನಕ್ಷೆ ಕಂಪನಿ ಅದನ್ನು ನೋಡಿ ಊರು ಇದೆ ಅಂತ ಹಾಕಿತು!

ಇಲ್ಲಿಯವರೆಗೆ ಇಲಿಯ ಮಾತಾಯಿತು. ಮನುಷ್ಯರ ವಿಷಯಕ್ಕೆ ಬಂದರೆ ಇದೇ ಪ್ರಶ್ನೆ ಹೆಚ್ಚು ಭಾರವಾಗುತ್ತೆ.

ಆರೋಗ್ಯದ ಅಂಕಿಅಂಶಗಳನ್ನು ಬಹಳ ಸಲ ಜಿಪ್ ಕೋಡ್ ಪ್ರಕಾರ ಗುಂಪು ಮಾಡ್ತಾರೆ. ಅದು ಸುಲಭ, ಪ್ರತಿ ವಿಳಾಸದಲ್ಲೂ ಇರುತ್ತೆ. ಆದರೆ ಜಿಪ್ ಕೋಡ್ 1963ರಲ್ಲಿ ಅಂಚೆಯವರು ತಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು. ಅದು ಕಾಗದ ಹಂಚುವ ದಾರಿಗಳ ಗುಂಪು, ಊರಿನ ಗಡಿ ಅಲ್ಲ. ಪ್ಯಾರಡೈಸ್‌ನಲ್ಲಿ ಇರುವವರ ವಿಳಾಸದಲ್ಲೂ ‘ಲಾಸ್ ವೇಗಸ್’ ಅಂತಲೇ ಇರೋದು ಅದಕ್ಕೇ.

ಮಿಶಿಗನ್‌ನ ಫ್ಲಿಂಟ್ ನಗರದ ಕಥೆ ನಿಮಗೆ ಗೊತ್ತಿರಬಹುದು. 2014ರಲ್ಲಿ ನೀರಿನ ಮೂಲ ಬದಲಿಸಿದರು, ಕೊಳವೆಗಳಿಂದ ಸೀಸ ನೀರಿಗೆ ಇಳಿಯಿತು. ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆಯಾ ಅಂತ ಜಿಪ್ ಕೋಡ್ ಪ್ರಕಾರ ನೋಡಿದಾಗ ಅಂಥ ಏರಿಕೆ ಕಾಣಲಿಲ್ಲ. ಯಾಕಂದ್ರೆ ‘ಫ್ಲಿಂಟ್’ ಅನ್ನೋ ಅಂಚೆ ವಿಳಾಸದ ಎಷ್ಟೋ ಮನೆಗಳು ನಗರದ ಗಡಿಯ ಹೊರಗಿದ್ದವು, ಅವುಗಳಿಗೆ ಆ ನೀರು ಹೋಗುತ್ತಲೇ ಇರಲಿಲ್ಲ. ಅವರ ಮಕ್ಕಳ ಲೆಕ್ಕವೂ ಸೇರಿ ಏರಿಕೆ ತೆಳುವಾಗಿಬಿಟ್ಟಿತ್ತು. ಮಕ್ಕಳ ವೈದ್ಯೆ ಮೋನಾ ಹನ್ನಾ ಅಟೀಶಾ ಮತ್ತು ಅವರ ತಂಡ ಪ್ರತಿ ಮಗುವಿನ ವಿಳಾಸವನ್ನೇ ನಕ್ಷೆಯ ಮೇಲೆ ಇಟ್ಟು, ನಗರದ ನೀರು ಕುಡಿದವರನ್ನು ಮಾತ್ರ ಬೇರ್ಪಡಿಸಿದರು. ಮಿತಿಗಿಂತ ಹೆಚ್ಚು ಸೀಸ ಇದ್ದ ಮಕ್ಕಳ ಪ್ರಮಾಣ ಶೇಕಡಾ 2.4ರಿಂದ 4.9ಕ್ಕೆ ಏರಿತ್ತು. ರಕ್ತದ ಪರೀಕ್ಷೆ ಅದೇ, ಮಕ್ಕಳು ಅವರೇ. ಬದಲಾದದ್ದು ಗೆರೆ ಮಾತ್ರ.

ಫ್ಲಿಂಟ್‌ಗೆ ಕನಿಷ್ಠ ಒಂದು ನಗರಸಭೆ ಇತ್ತು, ದೂರಲಿಕ್ಕಾದರೂ ಒಬ್ಬರಿದ್ದರು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಈಸ್ಟ್ ಪೋರ್ಟರ್‌ವಿಲ್ ನೋಡಿ. ಟುಲೇರಿ ಕೌಂಟಿ, ಸುಮಾರು ಏಳು ಸಾವಿರ ಜನ, ಬಹುಪಾಲು ಕೂಲಿಕಾರ್ಮಿಕರು. ಪಕ್ಕದ ಪೋರ್ಟರ್‌ವಿಲ್ ನಗರಕ್ಕೆ ಪುರಸಭೆಯ ನಲ್ಲಿ ನೀರು. ಗೆರೆಯ ಈಚೆ ಇರುವವರಿಗೆ ಮನೆಮನೆಗೆ ಒಂದು ಬಾವಿ. 2014ರ ಬರದಲ್ಲಿ ನೂರಾರು ಮನೆಗಳ ಬಾವಿ ಬತ್ತಿದವು. ಜಗತ್ತಿನ ಅತಿ ಶ್ರೀಮಂತ ರಾಜ್ಯಗಳಲ್ಲಿ ಒಂದರಲ್ಲಿ ಜನ ಬಾಟಲಿ ನೀರಿನಲ್ಲಿ ಮುಖ ತೊಳೆದರು, ಅಂಗಳದಲ್ಲಿ ಟ್ಯಾಂಕ್ ಇಟ್ಟುಕೊಂಡರು. ನಗರದ ಕೊಳವೆಗೆ ಸೇರಿಸುವ ಕೆಲಸ ಶುರುವಾಗಿದ್ದು 2016ರಲ್ಲಿ.

ಇದು ಬರೀ ಮರೆವಿನಿಂದ ಆದದ್ದಲ್ಲ. ಅದೇ ಕೌಂಟಿ 1970ರ ದಶಕದ ಆರಂಭದಲ್ಲಿ ಮಾಡಿದ ಯೋಜನೆಯಲ್ಲಿ, ಕೆಲವು ಚಿಕ್ಕ ಊರುಗಳಿಗೆ ಭವಿಷ್ಯವಿಲ್ಲ, ಅಲ್ಲಿ ನೀರು ಚರಂಡಿಗೆ ಹಣ ಹಾಕಬೇಕಾಗಿಲ್ಲ, ಜನ ತಾವಾಗಿ ಬಿಟ್ಟು ಹೋಗುತ್ತಾರೆ ಅನ್ನೋ ಅರ್ಥದ ಮಾತು ಇತ್ತು. ಟೂಲ್‌ವಿಲ್ ಅಂಥ ಒಂದು ಊರು. ಜನ ಬಿಟ್ಟು ಹೋಗಲಿಲ್ಲ. ಪಕ್ಕದ ಊರಿನ ಕೊಳವೆಗಾಗಿ ದಶಕಗಳ ಕಾಲ ಕೇಳುತ್ತಲೇ ಇದ್ದರು.

2011ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ತಂದಿತು: ಪುರಸಭೆ ಇಲ್ಲದ ಬಡ ವಸತಿಗಳನ್ನು ನಗರಗಳೂ ಕೌಂಟಿಗಳೂ ಗುರುತಿಸಲೇಬೇಕು, ಅಲ್ಲಿ ನೀರು, ಚರಂಡಿ ಹೇಗಿದೆ ಅಂತ ಬರೆಯಬೇಕು. ಹತ್ತು ಮನೆ ಹತ್ತಿರ ಹತ್ತಿರ ಇದ್ದರೂ ಅದು ವಸತಿಯೇ. ಒಳ್ಳೆಯ ಕಾನೂನು. ಆದರೆ ಗುರುತಿಸುವುದು ಹೇಗೆ? ಇಲ್ಲಿದೆ ನಿಜವಾದ ತೊಡಕು. ಆದಾಯದ ಅಂಕಿ ಬರುವುದು ಗಣತಿ ಇಲಾಖೆಯ ಮಾದರಿ ಸಮೀಕ್ಷೆಯಿಂದ. ಅದು ಸಿಗುವ ಅತಿ ಚಿಕ್ಕ ತುಂಡು ‘ಬ್ಲಾಕ್ ಗ್ರೂಪ್’, ಸಾಮಾನ್ಯವಾಗಿ 600ರಿಂದ 3,000 ಜನ. ಅದಕ್ಕಿಂತ ದೊಡ್ಡದು ‘ಟ್ರ್ಯಾಕ್ಟ್’, ಸುಮಾರು 4,000 ಜನ. ಹತ್ತು ಮನೆಯ ಬಡ ವಸತಿಯ ಪಕ್ಕ ಇನ್ನೂರು ಅನುಕೂಲಸ್ಥರ ಮನೆ ಇದ್ದರೆ, ಸರಾಸರಿಯಲ್ಲಿ ಆ ಹತ್ತು ಮನೆ ಕರಗಿ ಹೋಗುತ್ತವೆ, ಫ್ಲಿಂಟ್‌ನ ಮಕ್ಕಳ ಹಾಗೆ. ಸಿಡಿಪಿ ಪಟ್ಟಿ ನೋಡೋಣ ಅಂದರೆ ಇಂಥ ವಸತಿಗಳಲ್ಲಿ ಎಷ್ಟೋ ಆ ಪಟ್ಟಿಯಲ್ಲೇ ಇಲ್ಲ.

ಆದ್ದರಿಂದ ಕೆಲವರು ಬೇರೆ ದಾರಿ ಹಿಡಿದರು. ಪಾಲಿಸಿಲಿಂಕ್ ಎಂಬ ಸಂಸ್ಥೆ ಜಮೀನಿನ ತೆರಿಗೆ ದಾಖಲೆಗಳನ್ನು ತೆಗೆದುಕೊಂಡು, ಪುರಸಭೆಯ ಹೊರಗೆ ಎಲ್ಲಿ ಚಿಕ್ಕ ಚಿಕ್ಕ ನಿವೇಶನಗಳು ಒತ್ತಾಗಿವೆ ಅಂತ ನೋಡಿತು. ಹೊಲದ ಮಧ್ಯೆ ಒತ್ತಾದ ನಿವೇಶನ ಇದ್ದರೆ ಅಲ್ಲಿ ಜನ ಇದ್ದಾರೆ ಅಂತ ಅರ್ಥ. ಅದರ ಮೇಲೆ ಆದಾಯದ ಅಂಕಿ ಇಟ್ಟರು, ಸ್ಥಳೀಯರನ್ನು ಕೇಳಿದರು. 2013ರ ಅವರ ವರದಿಯ ಪ್ರಕಾರ ಆ ಒಂದೇ ಕಣಿವೆಯಲ್ಲಿ ಇಂಥ ವಸತಿಗಳಲ್ಲಿ ಇದ್ದವರು ಸುಮಾರು 3,10,000 ಜನ. ನಮಗೆ ಈ ಕೆಲಸ ಇಷ್ಟವಾದದ್ದು ಅದರ ಸರಳತೆಗೆ. ಪರಿಸರಶಾಸ್ತ್ರದಲ್ಲಿ ನಾವು ಗೂಡುಗಳನ್ನು ಎಣಿಸಿ ಹಕ್ಕಿಗಳನ್ನು ಅಂದಾಜು ಮಾಡೋದಿಲ್ಲವಾ, ಅದೇ ತರ್ಕ.

ಇಲ್ಲಿ ಒಂದು ಎಚ್ಚರಿಕೆ. 2020ರ ಗಣತಿಯಿಂದ ಚಿಕ್ಕ ಊರುಗಳ ಅಂಕಿಯನ್ನು ಅಕ್ಷರಶಃ ನಂಬುವ ಹಾಗಿಲ್ಲ. ಒಬ್ಬೊಬ್ಬರ ಗುಟ್ಟು ಬಯಲಾಗದಿರಲಿ ಅಂತ ಇಲಾಖೆ ಪ್ರಕಟಿಸುವ ಮೊದಲು ಅಂಕಿಗಳಿಗೆ ಸ್ವಲ್ಪ ‘ಗದ್ದಲ’ ಬೆರೆಸುತ್ತದೆ. ರಾಜ್ಯದ ಒಟ್ಟು ಜನಸಂಖ್ಯೆಯನ್ನು ಮುಟ್ಟುವುದಿಲ್ಲ, ಆದರೆ ಕೆಳಗಿಳಿದ ಹಾಗೆ ಅಂಕಿ ಒಂದೆರಡು ಅತ್ತಿತ್ತ ಆಗಬಹುದು. ಎರಡು ಲಕ್ಷದ ಪ್ಯಾರಡೈಸ್‌ಗೆ ಅದು ಲೆಕ್ಕಕ್ಕೇ ಇಲ್ಲ. ಮೊನೊವೈಯಲ್ಲಿ? 2020ರಲ್ಲಿ ಅಲ್ಲಿನ ಜನಸಂಖ್ಯೆ 2 ಅಂತ ಪ್ರಕಟವಾಯಿತು. ಅಜ್ಜಿ ಇದ್ದದ್ದು ಒಬ್ಬರೇ. ಗುಟ್ಟು ಕಾಪಾಡುವುದು ಸರಿ, ಅದರ ಬೆಲೆಯನ್ನು ಕೊಡುವವರು ಮಾತ್ರ ಹೆಚ್ಚಾಗಿ ಚಿಕ್ಕ ಊರಿನವರೇ ಅಂತ ನಮ್ಮ ಅನಿಸಿಕೆ. ಹತ್ತು ಮನೆಯ ವಸತಿಯ ಬಗ್ಗೆ ವಾದ ಮಾಡಬೇಕಾದವರು ಬ್ಲಾಕ್ ಅಂಕಿಯೊಂದನ್ನೇ ಹಿಡಿದು ಹೋಗಬೇಡಿ. ಮನೆಗಳ ಸಂಖ್ಯೆಯನ್ನು ಮಾತ್ರ ಬ್ಲಾಕ್ ಮಟ್ಟದಲ್ಲೂ ಗದ್ದಲವಿಲ್ಲದೆ ಕೊಡುತ್ತಾರೆ, ಅದು ಹೆಚ್ಚು ಗಟ್ಟಿ.

ಭಾರತದಲ್ಲೂ ಇದರ ನೆಂಟರಿದ್ದಾರೆ. ನಮ್ಮ ಜನಗಣತಿಯಲ್ಲಿ ‘ಸೆನ್ಸಸ್ ಟೌನ್’ ಅಂತ ಒಂದು ವರ್ಗ: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಭಾಗ ಬೇಸಾಯದ ಹೊರಗೆ. ಲೆಕ್ಕದಲ್ಲಿ ಪಟ್ಟಣ, ಆಡಳಿತದಲ್ಲಿ ಇನ್ನೂ ಗ್ರಾಮ ಪಂಚಾಯಿತಿ. 2001ರಲ್ಲಿ ಇಂಥವು 1,362 ಇದ್ದವು, 2011ರ ಹೊತ್ತಿಗೆ 3,894.

ಅದಕ್ಕಿಂತ ಹತ್ತಿರದ ನೆಂಟ ಅಂದ್ರೆ ಕರ್ನಾಟಕದ ತಾಂಡಾ, ಹಾಡಿ, ಗೊಲ್ಲರಹಟ್ಟಿಗಳು. ಸರ್ಕಾರಿ ಭಾಷೆಯಲ್ಲಿ ‘ದಾಖಲೆ ರಹಿತ ಜನವಸತಿ’. ತಲೆಮಾರುಗಳಿಂದ ಜನ ಇದ್ದಾರೆ, ಆದರೆ ಅದು ಬೇರೊಂದು ಕಂದಾಯ ಗ್ರಾಮದ ಲೆಕ್ಕದಲ್ಲಿ, ಎಷ್ಟೋ ಸಲ ಬೇರೆ ಯಾರದೋ ಸರ್ವೆ ನಂಬರಿನಲ್ಲಿ ಇರುತ್ತೆ. ಮನೆಗೆ ಹಕ್ಕುಪತ್ರ ಇಲ್ಲ, ಹಾಗಾಗಿ ಸಾಲ ಇಲ್ಲ. ಇಂಥ ವಸತಿಗಳನ್ನು ಕಂದಾಯ ಗ್ರಾಮ ಅಂತ ಘೋಷಿಸುವ ಕೆಲಸ ನಡೆದು, ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ಸುಮಾರು 1,475 ವಸತಿಗಳಿಗೆ ಆ ಪಟ್ಟ ಸಿಕ್ಕಿತು. 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಿದರು. ಅಮೆರಿಕದ ಸಿಡಿಪಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸಿಡಿಪಿ ಆದರೆ ಅಂಕಿ ಸಿಗುತ್ತೆ, ಹಕ್ಕು ಸಿಗೋದಿಲ್ಲ. ಕಂದಾಯ ಗ್ರಾಮವಾದರೆ ಹಕ್ಕೇ ಸಿಗುತ್ತೆ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಕೊನೆಗೆ, ಅಮೆರಿಕದಲ್ಲಿರುವ ಕೇಳುಗರಿಗೆ ಒಂದು ಚಿಕ್ಕ ಮನೆಪಾಠ. ಗಣತಿ ಇಲಾಖೆಯ ಜಾಲತಾಣದಲ್ಲಿ ‘ಜಿಯೋಕೋಡರ್’ ಅಂತ ಒಂದು ಉಚಿತ ಸಲಕರಣೆ ಇದೆ. ಅದರಲ್ಲಿ ನಿಮ್ಮ ಮನೆಯ ವಿಳಾಸ ಹಾಕಿ, ಭೌಗೋಳಿಕ ವಿವರ ಬೇಕು ಅಂತ ಆರಿಸಿಕೊಳ್ಳಿ. ರಾಜ್ಯ, ಕೌಂಟಿ, ಟ್ರ್ಯಾಕ್ಟ್, ಬ್ಲಾಕ್ ಎಲ್ಲ ಬರುತ್ತೆ. ಅದರಲ್ಲಿ ‘ಇನ್‌ಕಾರ್ಪೊರೇಟೆಡ್ ಪ್ಲೇಸಸ್’ ಅಂತ ಒಂದು ಸಾಲು, ‘ಸೆನ್ಸಸ್ ಡೆಸಿಗ್ನೇಟೆಡ್ ಪ್ಲೇಸಸ್’ ಅಂತ ಇನ್ನೊಂದು ಸಾಲು ಹುಡುಕಿ. ನಿಮ್ಮ ಅಂಚೆ ವಿಳಾಸದ ಊರಿನ ಹೆಸರು ಇವೆರಡರಲ್ಲಿ ಯಾವುದರಲ್ಲಿದೆ ನೋಡಿ. ಎರಡರಲ್ಲೂ ಇಲ್ಲದಿದ್ದರೆ ಜಿಎನ್‌ಐಎಸ್‌ನಲ್ಲಿ ಹುಡುಕಿ. ಮನೆಯ ನಲ್ಲಿಯಲ್ಲಿ ಬರುವ ನೀರನ್ನು ಯಾರು ಪರೀಕ್ಷೆ ಮಾಡ್ತಾರೆ ಅಂತಲೂ ಆಗಲೇ ವಿಚಾರಿಸಿಬಿಡಿ. ಸ್ವಂತ ಬಾವಿಯ ಮನೆಯಾದರೆ ಸಾಮಾನ್ಯವಾಗಿ ಆ ಕೆಲಸ ಮನೆಯವರದ್ದೇ.